ಗಿಟಾರು ಶುರುವಾಗುವ ಮೊದಲು

ಸಫಿಯಾಳ ವಾಯ್ಸ್ ಮೆಸೇಜನ್ನು ಕೊನೆಯವರೆಗೆ ಕೇಳಿದವರು ಸೌದಿಯ ಮಲಾಜ್‌ನ ನಮ್ಮ ಕಟ್ಟಡದಲ್ಲಿ ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಬೆಳಿಗ್ಗೆ ಹಾಲು ಕಾಯಲು ಇಟ್ಟು ಅವಳ ಮೆಸೇಜು ಒತ್ತಿದರೆ, ಹಾಲು ಉಕ್ಕಿ, ಒಲೆ ಒರೆಸಿ, ಕಾಫಿ ಕುಡಿದು ಲೋಟ ತೊಳೆದಿಟ್ಟರೂ ಅವಳು ವಿಷಯಕ್ಕೆ ಬಂದಿರುತ್ತಿರಲಿಲ್ಲ. ಮನೆಯಲ್ಲಿ ಕೊತ್ತಂಬರಿ ಸೊಪ್ಪು ಇದೆಯೇ ಎಂದು ಕೇಳಲು ಮಗಳ ಪರೀಕ್ಷೆ, ಮೇಲಿನ ಮನೆಯ ಈಜಿಪ್ಟಿನವರ ಸೋರುವ ಪೈಪು, ಉಳ್ಳಾಲದ ಚಿಕ್ಕಮ್ಮನ ಮಂಡಿನೋವು ಎಲ್ಲವನ್ನೂ ದಾಟಿ ಬರಬೇಕು. ನಾನು ಮೈಸೂರಿನವಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಕೇಳಿ ಬೆಳೆದವಳು. ಸಫಿಯಾಳ ಮನೆಯಲ್ಲಿ ಬೆಳ್ಳಿ ಬಿಟ್ಟರೆ ಬೇರೆ ಲೋಹವೇ ಇಲ್ಲ ಎಂದು ಗಂಡ ಹೃಷಿಕೇಶನ ಹತ್ತಿರ ಹೇಳಿ ನಗುತ್ತಿದ್ದೆ.

ಐವತ್ತು ದಾಟಿದ ಹೆಂಗಸು. ಗಂಡ ಅಬ್ದುಲ್ ಸಮದ್ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಮ್ಯಾನೇಜರ್. ಇವಳು ಮನೆಯಲ್ಲಿ ಇಲ್ಲಿಯ ಹೆಂಗಸರು ತೊಡುವ ಕಪ್ಪು ಅಬಾಯಾ ಹೊಲಿಯುತ್ತಾಳೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ನೋಡುವ ನಮಗೇ ಭಯ. ಕೂತಲ್ಲಿ ಕೂರುವವಳಲ್ಲ. ಎದುರಿನವರು ಒಂದು ಗಳಿಗೆ ಸುಮ್ಮನಾದರೆ ಅವಳ ಕೈಕಾಲು ಚಡಪಡಿಸುತ್ತದೆ, ಏನಾದರೊಂದು ಹೇಳಿ ಆ ಜಾಗ ತುಂಬಿಸಿಬಿಡುತ್ತಾಳೆ. ಫೋನು ಇಡುವುದಂತೂ ಅವಳಿಂದ ಆಗದ ಕೆಲಸ. ಇದು ಚಾಳಿ ಎಂದುಕೊಂಡಿದ್ದೆ. ಕಲಿತದ್ದು ಎಂದು ಗೊತ್ತಿರಲಿಲ್ಲ.

ಕಳೆದ ಚಳಿಗಾಲದ ಒಂದು ಗುರುವಾರ ಅವಳು ಬಾಗಿಲು ತಟ್ಟಿ ಒಳಗೆ ಬಂದಳು, ಕೂರಲಿಲ್ಲ.

"ರತ್ನಕ್ಕ, ನಾಳೆ ನಿಮ್ಮ ಕಾರಿನಲ್ಲಿ ಉನೈಜಾಕ್ಕೆ ಹೋಗಿ ಬರ್ಲಿಕ್ಕೆ ಆಗ್ತದಾ? ಸಮದ್‌ರಿಗೆ ಅಂಗಡಿಯಲ್ಲಿ ಸ್ಟಾಕ್ ತೆಗೆಯುದುಂಟು, ರಜೆ ಇಲ್ಲ. ನನಗೆ ಗಾಡಿ ಬರುದಿಲ್ಲ."

ಅಷ್ಟೇ. ಇಷ್ಟು ಚಿಕ್ಕ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹಾಗಾಗಿ ಯಾಕೆ ಎಂದೂ ಕೇಳದೆ ಹೂಂ ಎಂದೆ. ಕಾಸಿಮ್ ಕಡೆಯ ಹೆದ್ದಾರಿಯಲ್ಲಿ ನಾಲ್ಕು ತಾಸಿನ ದಾರಿ, ಪಕ್ಕದ ಸೀಟಿನಲ್ಲಿ ಸಫಿಯಾ ಎಂಬುದು ಹೊಳೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿದ್ದಳು.

ಊರು ದಾಟಿ ಮರಳು ಶುರುವಾದ ಮೇಲೆ ಅವಳು ಹೇಳಿದಳು. ಎಸಿ ಏರಿಸಿದಳು, ಇಳಿಸಿದಳು, ಕನ್ನಡಿ ತಿರುಗಿಸಿದಳು, ನಾನು ಗದರಿದ ಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಅವಳ ತಂದೆ ಖಲೀಲುರ್ರಹ್ಮಾನ್ ಉನೈಜಾದಲ್ಲಿ ಖರ್ಜೂರದ ಮಂಡಿಯ ಪಿಕಪ್ ಓಡಿಸುತ್ತಿದ್ದರು. ಆಗ ಊರಿಗೆ ಫೋನು ಮಾಡುವುದು ಸುಲಭವಿರಲಿಲ್ಲ. ತಾಯಿ ಜಮೀಲಮ್ಮನಿಗೆ ಓದಲು ಬರುತ್ತಿರಲಿಲ್ಲ. ಆ ಕಾಲದ ಗಲ್ಫಿನವರೆಲ್ಲ ಮಾಡುತ್ತಿದ್ದಂತೆ ತಂದೆ ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯವರು ಅದನ್ನು ಬಾಯಿಪಾಠವಾಗುವಷ್ಟು ಸಲ ಕೇಳಿ, ಅದರ ಮೇಲೆಯೇ ತಮ್ಮ ಉತ್ತರ ಮಾತಾಡಿ ವಾಪಸು ಕಳಿಸಬೇಕು. ಉತ್ತರ ಟೇಪಿಗೆ ಹತ್ತಿದಂತೆಲ್ಲ ತಂದೆಯ ಮಾತು ಅಳಿಸುತ್ತ ಹೋಗುತ್ತದೆ. ಕ್ಯಾಸೆಟ್ಟಿನ ಇನ್ನೊಂದು ಬದಿ ಅಜ್ಜಿಯ ಮನೆಗೆ ಮೀಸಲು, ಅದನ್ನು ಮುಟ್ಟುವಂತಿರಲಿಲ್ಲ.

"ಖಾಲಿ ಕ್ಯಾಸೆಟ್ಟಲ್ಲ ರತ್ನಕ್ಕ. ಯಾವುದೋ ಅಂಗಡಿ ಮುಚ್ಚುವಾಗ ಬಾಪ ಒಂದು ಪೆಟ್ಟಿಗೆ ತುಂಬ ತಂದದ್ದು, ಪ್ರತಿ ಸಲ ಅದರಿಂದ ಹೊಸದೊಂದು. ಎಲ್ಲ ಒಂದೇ, ಹವಾಯಿಯನ್ ಗಿಟಾರು. ಮೇಲಿನ ತೂತಿಗೆ ಕಾಗದ ತುರುಕಿದ್ರೆ ಅದರ ಮೇಲೆ ಮಾತಾಡ್ಲಿಕ್ಕೆ ಆಗ್ತದೆ. ಕವರಿನಲ್ಲಿ ತೆಂಗಿನಮರ, ಸಮುದ್ರ. ನಾನು ನಮ್ಮ ಸೋಮೇಶ್ವರವೇ ಅಂತ ತಿಳ್ಕೊಂಡದ್ದು. ಹವಾಯಿ ಅಂದ್ರೆ ನಮಗೆ ಚಪ್ಪಲಿ ಮಾತ್ರ ಗೊತ್ತಿದ್ದದ್ದಲ್ವಾ."

ತಂದೆಯ ಮಾತು ಮುಗಿದ ಕೂಡಲೇ ಟಕ್ ಎಂದು ಸದ್ದಾಗಿ ಗಿಟಾರು ಶುರುವಾಗುತ್ತಿತ್ತು. ಹಾಡಿನ ನಡುವಿನಿಂದಲೇ. ಒಂದು ಸಲ ಬಾಪ ಕಡಿಮೆ ಮಾತಾಡಿದರೆ ಹಾಡು ಸ್ವಲ್ಪ ಹಿಂದಿನಿಂದ, ಹೆಚ್ಚು ಮಾತಾಡಿದರೆ ಮುಂದಿನಿಂದ. ಎಳೆದೆಳೆದು ತೇಲಿ ಬರುವ ಆ ತಂತಿಯ ನಾದವನ್ನು ಬೀದಿಯ ಮಕ್ಕಳೆಲ್ಲ ಗುನುಗುತ್ತಿದ್ದರಂತೆ. ಸಫಿಯಾಳಿಗೂ ಅದು ಬಹಳ ಇಷ್ಟ. ಆದರೆ ಅದು ಕೇಳಿಸಿದೊಡನೆ ಉಮ್ಮ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದು ಮಾಡುತ್ತಿದ್ದರು. ಇಷ್ಟೇನಾ ಅವರಿಗೆ ಹೇಳಲಿಕ್ಕಿದ್ದದ್ದು ಎಂದು ಅಳುತ್ತಿದ್ದರು. ಹಾಡು ಚೆಂದ, ಅದು ಬಂದರೆ ಮನೆ ಹಾಳು. ಎಂಟು ವರ್ಷದ ಹುಡುಗಿ ಅದರಿಂದ ಒಂದು ತೀರ್ಮಾನಕ್ಕೆ ಬಂದಳು. ಅಲ್ಲಿ ಬಾಪನೂ ಗಿಟಾರು ಕೇಳಿಸಿದರೆ ಅಳುತ್ತಿರಬೇಕು. ಆದ್ದರಿಂದ ನಮ್ಮ ಉತ್ತರದ ಹಿಂದೆ ಗಿಟಾರು ಉಳಿಯಬಾರದು.

ಉಮ್ಮನಿಗೋ ಯಂತ್ರದ ಮುಂದೆ ನಾಚಿಕೆ. ನಾಲ್ಕು ಮಾತಾಡಿ ಮಗಳನ್ನು ಮುಂದೆ ತಳ್ಳುತ್ತಿದ್ದರು. ಟೇಪಿನ ಕೊನೆಯವರೆಗೆ ತುಂಬಿಸುವುದು ಸಫಿಯಾಳ ಕೆಲಸವಾಯಿತು. ಅವಳು ಕೋಳಿಗಳ ಹೆಸರು ಹೇಳಿದಳು, ಮಂಗಳೂರಿಗೆ ಹೋಗುವ ಬಸ್ಸುಗಳ ಹೆಸರು ಹೇಳಿದಳು, ಮಗ್ಗಿ ಹೇಳಿದಳು, ಪಕ್ಕದ ಮನೆಯವರ ಜಗಳವನ್ನು ಇಬ್ಬರ ದನಿಯಲ್ಲೂ ಹೇಳಿದಳು. ಗುಂಡಿ ಟಕ್ ಎಂದು ತಾನಾಗಿ ಮೇಲೆದ್ದರೆ ಮಾತ್ರ ಬಾಯಿ ಮುಚ್ಚುತ್ತಿದ್ದಳು.

ಒಂದು ದಿನ ಬಾಪ ಉನೈಜಾದಲ್ಲಿ, ಪಿಕಪ್ಪಿನ ಸ್ಟೇರಿಂಗಿನ ಹಿಂದೆಯೇ, ಎದೆ ಹಿಡಿದುಕೊಂಡು ತೀರಿಕೊಂಡರು. ಅಲ್ಲಿಯೇ ಮಣ್ಣು ಮಾಡಿದರು. ಮನೆಯಲ್ಲಿ ಉಳಿದದ್ದು ಒಂದು ಪಾಸ್‌ಪೋರ್ಟ್ ಫೋಟೋ. ಮಾತಾಡಿದ್ದೆಲ್ಲವನ್ನೂ ಮನೆಯವರೇ ಅಳಿಸಿ ಆಗಿತ್ತು.

"ನಾನೇ ಅಳಿಸಿದ್ದು" ಎಂದಳು ಸಫಿಯಾ. ಕಿಟಕಿಯ ಆಚೆ ನೋಡುತ್ತಿದ್ದಳು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕರಕ್ ಚಹಾ ತಂದುಕೊಟ್ಟೆ. ಅವಳು ಕುಡಿಯಲಿಲ್ಲ, ಕಪ್ಪಿನ ಅಂಚನ್ನು ಚೂರು ಚೂರಾಗಿ ಹರಿಯುತ್ತ ಕೂತಳು.

ಆ ಹಾಡಿನ ಆರಂಭವನ್ನು ಒಮ್ಮೆಯಾದರೂ ಕೇಳಬೇಕು, ಅದು ಯಾವಾಗಲೂ ಬಾಪನ ಮಾತಿನಡಿಯಲ್ಲಿ ಹೋಗಿರುತ್ತಿತ್ತು ಎಂದು ಅವಳು ಮೊನ್ನೆ ಕರಾವಳಿಯವರ ಗುಂಪಿನಲ್ಲಿ ಒಂದು ಉದ್ದನೆಯ ಮೆಸೇಜು ಹಾಕಿದ್ದಳು. ಹಳೆಯ ಹವಾಯಿಯನ್ ರೆಕಾರ್ಡಿಂಗು ಯಾರ ಬಳಿಯಾದರೂ ಇದೆಯೇ ಎಂದು. ಅದನ್ನು ಕೊನೆಯವರೆಗೆ ಕೇಳಿದ ಒಬ್ಬ ಮನುಷ್ಯ ಸೌದಿಯಲ್ಲಿದ್ದ. ಹಮ್ಮಾದ್ ಎಂದು, ಬಾಪನ ಕೋಣೆಯಲ್ಲಿದ್ದವರು, ಈಗಲೂ ಉನೈಜಾದಲ್ಲೇ ಇರುವವರು. ಅವರು ಫೋನು ಮಾಡಿದರು. ಬಾಪ ತೀರಿಕೊಂಡ ಮೇಲೆ ಊರಿನಿಂದ ಬಂದ ಕೊನೆಯ ಉತ್ತರ ತನ್ನ ಪೆಟ್ಟಿಗೆಯಲ್ಲಿದೆ, ತಾನು ಬರುವ ವಾರ ಕೆಲಸ ಬಿಟ್ಟು ಫೈನಲ್ ಎಕ್ಸಿಟ್‌ನಲ್ಲಿ ಕಾಯಂ ಆಗಿ ಊರಿಗೆ ಹೋಗುವವನು, ಅದಕ್ಕೆ ಮೊದಲು ಬಂದು ತೆಗೆದುಕೊಂಡು ಹೋಗು ಎಂದರು.

ನನಗೆ ಈಗ ಅರ್ಥವಾಯಿತು. ಬಾಪ ಕೊನೆಯ ಸಲ ಕಳಿಸಿದ್ದ ಮಾತಿನ ಮೇಲೆಯೇ ಆ ಉತ್ತರವನ್ನು ಹತ್ತಿಸಿದ್ದು. ಉತ್ತರ ಚಿಕ್ಕದಾಗಿದ್ದರೆ ಅದರ ಹಿಂದೆ ಬಾಪನ ಮಾತಿನ ಬಾಲ ಉಳಿದಿರುತ್ತದೆ.

"ಆ ದಿನ ನನಗೆ ಜ್ವರ ಇತ್ತಾ, ಶಾಲೆಗೆ ತಡ ಆಗಿತ್ತಾ, ಎಂತದೂ ನೆನಪಿಲ್ಲ ಮಾರಾಯ್ತಿ. ಉಮ್ಮನ ಹತ್ರ ಕೇಳಿದೆ, ಅವರಿಗೂ ಇಲ್ಲ. ಒಂದು ದಿನವಾದ್ರೂ ನಾನು ಸೋಮಾರಿ ಆಗಿದ್ದಿರ್ಲಿ ಅಂತ ನಿನ್ನೆಯಿಂದ ದುವಾ ಮಾಡ್ತಾ ಇದ್ದೇನೆ."

ಉನೈಜಾದ ಹಳೆಯ ಪೇಟೆಯ ಹಿಂದೆ, ಕೆಲಸ ಕೊಟ್ಟ ಧಣಿ ಕಫೀಲನ ದಿನಸಿ ಅಂಗಡಿಗೆ ತಾಗಿದ ಕೋಣೆಯಲ್ಲಿ ಹಮ್ಮಾದ್ ಕಾಯುತ್ತಿದ್ದರು. ತೆಳ್ಳಗಿನ ಮುದುಕ, ಕನ್ನಡಕದ ಒಂದು ಕಡ್ಡಿಗೆ ದಾರ. ಪೆಟ್ಟಿಗೆ ಕಟ್ಟಿ ಹಗ್ಗ ಬಿಗಿದಾಗಿತ್ತು. ಮಂಚದ ಮೇಲೆ ಹಳೆಯ ಸಾಮಾನಿನ ಮಾರ್ಕೆಟಿನಿಂದ ತಂದ ಒಂದು ಟೇಪ್ ರೆಕಾರ್ಡರು, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕ್ಯಾಸೆಟ್ಟು.

"ನೀವು ಇದನ್ನು ಹಾಕಿ ಕೇಳಿದ್ದೀರಾ ಹಮ್ಮಾದ್ ಕಾಕ?"

"ಇಲ್ಲ. ಅದು ಅವನಿಗೆ ಬಂದದ್ದು, ನನಗೆ ಬಂದದ್ದಲ್ಲ. ಊರಿಗೆ ಕಳಿಸುವ ಅಂತ ಎಷ್ಟೋ ಸಲ ತೆಗೆದಿಟ್ಟೆ ಮಗಾ. ಗಂಡ ಹೋದ ಹೆಣ್ಣಿಗೆ ಅವಳದ್ದೇ ಸ್ವರ ವಾಪಸ್ ಕಳಿಸುದು ಹೇಗೆ ಹೇಳು."

ಗುಂಡಿ ಒತ್ತಿದರು. ಮೊದಲು ಬರೀ ಸುಂಯ್ ಎಂಬ ಸದ್ದು. ಆಮೇಲೆ ಎಳೆಯ ಹೆಂಗಸಿನ ದನಿ, ಬ್ಯಾರಿ ಭಾಷೆಯಲ್ಲಿ. ನನಗೆ ಆ ಭಾಷೆ ಬರುವುದಿಲ್ಲ, ಆದರೆ ನಾಚಿಕೆ ಅರ್ಥವಾಯಿತು. ಸಫಿಯಾ ಉಮ್ಮ ಎಂದು ಬಾಯೊಳಗೇ ಹೇಳಿಕೊಂಡಳು. ಅಷ್ಟರಲ್ಲಿ ಚಿಕ್ಕ ಹುಡುಗಿಯ ಕೀಚಲು ದನಿ ನುಗ್ಗಿತು. ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದೇ ಓಟ, ಅದೇ ಉಸಿರು ತೆಗೆದುಕೊಳ್ಳದ ಅವಸರ.

ಹುಡುಗಿ ಮಾತಾಡುತ್ತಲೇ ಹೋದಳು. ನಡುವೆ ಕನ್ನಡದಲ್ಲಿ ಏಳರ ಮಗ್ಗಿ ಬಂತು, ಎಂಟರದ್ದು ಬಂತು. ಸಫಿಯಾ ಕ್ಯಾಸೆಟ್ಟಿನ ಕಿಂಡಿಯಲ್ಲಿ ಒಂದು ಸುರುಳಿ ತೆಳ್ಳಗಾಗುತ್ತಿರುವುದನ್ನು ನೋಡುತ್ತ ನಿಂತಿದ್ದಳು. ಒಂಬತ್ತರ ಮಗ್ಗಿ ಶುರುವಾದಾಗ ಅವಳಿಗೆ ತಡೆಯಲಾಗಲಿಲ್ಲ.

"ಸಾಕು ಹೆಣ್ಣೇ, ಬಾಯಿ ಮುಚ್ಚು" ಎಂದಳು ಯಂತ್ರಕ್ಕೆ. "ಹೋಗಿ ಆಟ ಆಡು. ಹೋಗು."

ನನಗೂ ಆ ಹುಡುಗಿಯ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಅನ್ನಿಸಿತು. ಕೋಣೆಯ ಬಾಗಿಲಿಗೆ ಹೋಗಿ ಬಂದೆ. ಸುರುಳಿ ಇನ್ನೂ ಸ್ವಲ್ಪ ಉಳಿದಿತ್ತು. ಮಗ್ಗಿ ಮುಗಿಯಿತು. ಹುಡುಗಿ ಸುಮ್ಮನಾದಳು. ಸುಂಯ್ ಎಂಬ ಸದ್ದು ಮಾತ್ರ ಉಳಿಯಿತು. ಸಫಿಯಾ ನನ್ನ ಮೊಣಕೈ ಹಿಡಿದುಕೊಂಡಳು. ಈಗ, ಈಗ ಎಂದು ಪಿಸುಗುಟ್ಟಿದಳು.

ಹುಡುಗಿ ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದಳು. ಈ ಸಲ ದಪ್ಪ ದನಿಯಲ್ಲಿ, ನಿಧಾನವಾಗಿ, ನಡುನಡುವೆ ಕೆಮ್ಮುತ್ತ. ಏನೋ ನಾಟಕ. ಕೊನೆಗೆ ತನ್ನ ದನಿಯಲ್ಲಿ ಒಂದೆರಡು ಮಾತು, ಗುಂಡಿ ಟಕ್ ಎಂದು ಮೇಲೆದ್ದಿತು.

ಸಫಿಯಾ ನೆಲದ ಮೇಲೆ ಕೂತುಬಿಟ್ಟಳು. "ಒಂದು ಚೂರೂ ಬಿಡ್ಲಿಲ್ಲ" ಎಂದಳು. "ಎಂತ ಜನ್ಮ ಇದು ರತ್ನಕ್ಕ. ಒಂದು ಮಾತಾದ್ರೂ ಬಿಡ್ಬಾರದಿತ್ತಾ." ಅವಳು ಅಳಲಿಲ್ಲ. ಕೋಪದಲ್ಲಿ ನೆಲಕ್ಕೆ ಅಂಗೈ ಬಡಿದಳು. ಎಂಟು ವರ್ಷದ ಒಂದು ಮಗುವಿನ ಮೇಲೆ ಅಷ್ಟು ಕೋಪ ಬಂದದ್ದನ್ನು ನಾನು ನೋಡಿರಲಿಲ್ಲ.

ಹಮ್ಮಾದ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರ ಮುಖ ನೋಡಿ ನನಗೆ ಗಾಬರಿಯಾಯಿತು.

"ಆ ಕೆಮ್ಮು" ಎಂದರು. "ಅದು ಅವನದ್ದೇ ಕೆಮ್ಮು. ಮಾತಿನ ನಡುವೆ ಎರಡು ಸಲ ಕೆಮ್ಮಿ ‘ಮತ್ತೆ ಎಂತ’ ಅಂತ ಹೇಳುದು ಅವನೇ. ಅವನು ಮಾತಾಡುವಾಗ ನಾನು ಆ ಬದಿಯ ಮಂಚದಲ್ಲಿ ಕೂತು ಬಟಾಟೆ ಸುಲಿತಾ ಇದ್ದೆ. ಇದು ಅವನ ಕಡೆಯ ಮಾತು ಮಗಾ. ನೀನು ಬಾಯಿಪಾಠ ಮಾಡಿ ಹೇಳಿದ್ದು."

ಅವರು ಟೇಪನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಸಫಿಯಾ ಮೊಣಕಾಲ ಮೇಲೆ ಹತ್ತಿರ ಸರಿದು ಕಿವಿಯನ್ನು ಯಂತ್ರಕ್ಕೆ ಕೊಟ್ಟಳು. ಕೆಮ್ಮು ಬಂದಾಗ ಅವಳ ಭುಜ ಅದುರಿತು.

"ಏನು ಹೇಳ್ತಾರೆ ಸಫಿಯಾ?" ಎಂದೆ. "ನನಗೂ ಹೇಳ್ರೀ."

ಅವಳು ತಿರುಗದೆ, ಒಂದೊಂದಾಗಿ ಕನ್ನಡ ಮಾಡಿ ಹೇಳಿದಳು.

"‘ಸಪ್ಪೀ, ನಿನ್ನ ಗಂಟಲು ಒಣಗಿದ್ದು ನನಗೆ ಇಲ್ಲಿ ಗೊತ್ತಾಗ್ತದೆ. ಟೇಪು ಮುಗಿಯುವ ವರೆಗೆ ಮಾತಾಡ್ಬೇಕು ಅಂತ ಇಲ್ಲ. ಮತ್ತೆ ಎಂತ, ಸುಸ್ತಾದ್ರೆ ನಿಲ್ಲಿಸು. ಆಮೇಲೆ ಗಿಟಾರು ಬರ್ತದಲ್ಲ, ನಾನು ಅದನ್ನು ಕೇಳ್ತಾ ಮಲಗ್ತೇನೆ.’ ಇಷ್ಟು ಬಾಪ ಹೇಳಿದ್ದು."

"ಆಮೇಲೆ ಮಗು ತನ್ನ ದನಿಯಲ್ಲಿ ಏನೋ ಹೇಳ್ತಲ್ಲ, ಅದು?"

ಸಫಿಯಾ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು.

"‘ನೀನು ಹೀಗೆ ಹೇಳಿದ್ದು, ಬಾಪಾ. ಆದ್ರೆ ನನಗೆ ಇನ್ನೂ ಸುಸ್ತಾಗ್ಲಿಲ್ಲ.’"