ಹೊಸ್ತಿಲು ದಾಟದ ಡಾಕ್ಟರು

ತೊಂಬತ್ತರ ದಶಕದಲ್ಲಿ ಸ್ಯಾನ್ ಡಿಯಾಗೋದ ಯೂನಿವರ್ಸಿಟಿಯೊಂದರ ಡಯಾಬಿಟಿಸ್ ಸೆಂಟರಿನಲ್ಲಿ ನಾನು ಟ್ರೈನಿಂಗಿಗೆ ಸೇರಿದಾಗ ನಮಗೆ ಕಲಿಸುತ್ತಿದ್ದವರು ಧಾರವಾಡದ ಕಡೆಯ ಡಾಕ್ಟರೊಬ್ಬರು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದ ಮರಗಟ್ಟಿ ಗಾಯವಾದರೂ ತಿಳಿಯುವುದಿಲ್ಲವೆಂದು, ರೋಗಿ ಎಂಥ ದೊಡ್ಡ ಮನುಷ್ಯನೇ ಆಗಿರಲಿ, ನೆಲಕ್ಕೆ ಮೊಣಕಾಲೂರಿ ಅವನ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಆಮೇಲೆ ನನಗೊಬ್ಬಳಿಗೆ ಮಾತ್ರ ಕನ್ನಡದಲ್ಲಿ, "ಮೊದ್ಲ ಸಾಕ್ಸ್ ತಗಸವಾ, ಆಮ್ಯಾಲೆ ಮಾತು. ಬಾಯಿ ಸುಳ್ಳು ಹೇಳ್ತದ, ಕಾಲು ಹೇಳಂಗಿಲ್ಲ" ಎನ್ನುತ್ತಿದ್ದರು.

ಅದೇ ಮನುಷ್ಯ ಗಣೇಶನ ಹಬ್ಬಕ್ಕೆ ನಮ್ಮ ಅಪಾರ್ಟ್‌ಮೆಂಟಿಗೆ ಬಂದವರು ಹೊಸ್ತಿಲು ದಾಟಲಿಲ್ಲ. ಬಾಗಿಲ ಬಳಿ ಎಲ್ಲರೂ ಬಿಟ್ಟಿದ್ದ ಚಪ್ಪಲಿಗಳನ್ನೇ ನೋಡುತ್ತ ನಿಂತರು. ಶೂ ಬಿಚ್ಚದೆ, ಅಲ್ಲೇ ಪ್ರಸಾದ ತೆಗೆದುಕೊಂಡು ಹೊರಟುಬಿಟ್ಟರು. ಎಷ್ಟು ಜಂಬ ಇವರಿಗೆ ಎಂದು ನನಗೆ ಸಿಟ್ಟೇ ಬಂತು.

ಮುಂದಿನ ವಾರ ಕ್ಲಾಸ್ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ರೋಗಿಯ ಕುರ್ಚಿಯಲ್ಲಿ ತಾವೇ ಕುಳಿತು ಕಾಲು ಚಾಚಿದರು. "ತಗಿಯವಾ" ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ನಾನು ಶೂ ಬಿಚ್ಚಿದೆ. ಸಾಕ್ಸ್ ಅಂಗಾಲಿನ ಹುಣ್ಣಿಗೆ ಅಂಟಿಕೊಂಡಿತ್ತು. ಅವರಿಗೆ ನೋಯಬಾರದೆಂದು ಸಲೈನ್ ಹನಿಸಿ ಹನಿಸಿ, ಉಸಿರು ಬಿಗಿಹಿಡಿದು ಬಿಡಿಸಿದೆ. ಕೊನೆಗೆ ಒಂದಿಷ್ಟು ಚರ್ಮವೂ ಅದರ ಜೊತೆಗೇ ಬಂತು.

ಅವರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ಇನ್ನೂ ತಗದಿಲ್ಲೇನವಾ?"