ಬ್ರೌಸರಿಗೂ ಒಂದು ಖಂಡೆಪೂಜೆ

ನನಗೊಂದು ಚಟವಿತ್ತು. ಎಲೆಯಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಅವಾಗಿದ್ದರೆ ಬೈಲಹೊಂಗಲದಲ್ಲಿ ಜೊತೆಗಾರರಿಗೇನು ಬರವೇ? ನಾನು ಬ್ರೌಸರನ್ನು ಮನೆಯಲ್ಲೇ ಕಟ್ಟುತ್ತಿದ್ದೆ. ಅದೇರಿ, ಕಂಪ್ಯೂಟರಿನಲ್ಲಿ ಇಂಟರ್‌ನೆಟ್ಟಿನ ಪುಟಗಳನ್ನು ತೆರೆದು ತೋರಿಸುತ್ತದಲ್ಲ, ಅದು. ಊರಿನಲ್ಲಿ ಕಂಪ್ಯೂಟರ್ ಇದ್ದ ನಾಲ್ಕು ಮಂದಿ ಅದನ್ನು ಸಿದ್ಧವಾಗಿಯೇ ತಂದು ಹಾಕಿಕೊಂಡು ಸುಖವಾಗಿದ್ದರು. ನಾನು ಮಾತ್ರ ಅದರ ಮೂಲ ಬರಹವನ್ನು ಸಿ.ಡಿ.ಯಲ್ಲಿ ಧಾರವಾಡದಿಂದ ಬಸ್ಸಿನಲ್ಲಿ ತಂದು, ನನ್ನ ಲಿನಕ್ಸ್ ಯಂತ್ರದ ಬಾಯಿಗೆ ಸುರಿದು, ಅದು ದಿನವಿಡೀ ಅರೆಯುವುದನ್ನು ನೋಡುತ್ತ ಕೂರುತ್ತಿದ್ದೆ. ಇದರಲ್ಲಿ ವಿಚಿತ್ರವೇನೂ ನನಗೆ ಕಾಣುತ್ತಿರಲಿಲ್ಲ. ನಮ್ಮ ಕಡೆ ಜೋಳದ ಹಿಟ್ಟನ್ನು ಅಂಗಡಿಯಿಂದ ಯಾರು ತರುತ್ತಾರೆ? ಜೋಳ ಹಸನು ಮಾಡಿ, ಡಬ್ಬಿ ಹೊತ್ತು ಗಿರಣಿಗೆ ಹೋಗಿ, ಎದುರಿಗೇ ನಿಂತು ಬೀಸಿಸಿಕೊಂಡು ಬಂದರೇ ಸಮಾಧಾನ.

ಹಾಗಂತ ನನ್ನನ್ನು ಕಂಪ್ಯೂಟರ್ ಪಂಡಿತ ಅಂದುಕೊಂಡೀರಿ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಸಾಲಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಈ ಉಸಾಬರಿಗೆ ನಾನು ಬಿದ್ದದ್ದು ಕನ್ನಡದ ಕಾರಣಕ್ಕೆ. ಆಗ ಸಿದ್ಧವಾಗಿ ಸಿಗುತ್ತಿದ್ದ ಬ್ರೌಸರು ನನ್ನ ಯಂತ್ರದಲ್ಲಿ ಕನ್ನಡವನ್ನು ಒಡೆದು ತೋರಿಸುತ್ತಿತ್ತು. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುವುದು, ಕೊಂಬು ಒಂದು ಕಡೆ, ದೀರ್ಘ ಒಂದು ಕಡೆ. ನನ್ನ ಹೆಂಡತಿಯ ಹೆಸರು ಅನ್ನಪೂರ್ಣಾ. ಒತ್ತೂ ಅರ್ಕಾವತ್ತೂ ಎರಡೂ ಇರುವ ಹೆಸರು. ಮೊದಲ ಸಲ ಅದನ್ನು ಪರದೆಯ ಮೇಲೆ ಕಂಡವಳು, "ಇದೇನ್ರಿ, ನನ್ನ ಕೈ ಒಂದು ಕಡೆ ಕಾಲು ಒಂದು ಕಡೆ ಬಿದ್ದಾವು!" ಅಂದಳು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅಕ್ಷರಗಳನ್ನು ಕೂಡಿಸುವ ವಿದ್ಯೆ ಅದರ ಮೂಲದಲ್ಲಿ ಇತ್ತಂತೆ. ಸಿದ್ಧಪಡಿಸುವವರು ಅದನ್ನು ಬಿಟ್ಟು ಕಟ್ಟುತ್ತಿದ್ದರಂತೆ. ನಾವೇ ಕಟ್ಟಿಕೊಂಡರೆ ಅದನ್ನು ಸೇರಿಸಿಕೊಳ್ಳಬಹುದು. ಇಷ್ಟು ಸಾಕಾಯಿತು ನನಗೆ.

ಕಟ್ಟುವುದೆಂದರೆ ಏನು ಅಂತ ತಿಳಿಯಬೇಕಾದರೆ ನೀವು ಒಂದು ಲಗ್ನಕ್ಕೆ ಕರೆಯಲು ಹೊರಡಬೇಕು. ಬ್ರೌಸರು ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ತಂತ್ರಾಂಶದ ತುಂಡು, ಬೇಕು ಅನ್ನುತ್ತದೆ. ಆ ಲೈಬ್ರರಿಯನ್ನು ಕರೆಯಲು ಹೋದರೆ, ತಮ್ಮ ಬೀಗರನ್ನು ಕರೆದಿಲ್ಲವಲ್ಲ ಅಂತ ಅದು ಮುಖ ಊದಿಸುತ್ತದೆ. ಬೀಗರ ಮನೆಗೆ ಹೋದರೆ ಅವರಿಗೆ ನಮ್ಮನೆಯಲ್ಲಿ ಈಗಾಗಲೇ ಬಂದು ಕೂತ ಕಾಕಾನ ಜೊತೆ ಮಾತಿಲ್ಲ. ಆ ಕಾಕಾ ಹಳೇ ಆವೃತ್ತಿಯವನು. ಎಲ್ಲರನ್ನೂ ಒಂದೇ ಹಂದರದಡಿ ಕೂರಿಸುವ ಹೊತ್ತಿಗೆ ಬೈಲಹೊಂಗಲದ ಕರೆಂಟು ಹೋಗುತ್ತದೆ. ಬ್ಯಾಟರಿಯ ಡಬ್ಬಿಯೊಂದಿತ್ತು, ಕರೆಂಟು ಹೋದೊಡನೆ ಕುಂಯ್ ಅಂತ ಕೂಗಿ ತಾನೂ ಮಲಗಿಬಿಡುತ್ತಿತ್ತು.

ಆದರೂ ಕಟ್ಟುವುದು ಹೇಗೋ ಆಗಿಬಿಡುತ್ತದೆ ನೋಡ್ರಿ. ನಿಜವಾದ ತ್ರಾಸು ಕಟ್ಟಿದ್ದನ್ನು ಕಾಯುವುದರಲ್ಲಿ ಇದೆ. ಇಂಥಲ್ಲೊಂದು ತೂತಿತ್ತು, ಮುಚ್ಚಿದ್ದೇವೆ, ಹೊಸ ಆವೃತ್ತಿ ತಗೊಳ್ಳಿ ಅಂತ ಆಗಾಗ ಸುದ್ದಿ ಬರುತ್ತದೆ. ಸಿದ್ಧವಾದದ್ದನ್ನು ತಂದವರು ಮತ್ತೊಂದು ಸಿದ್ಧವಾದದ್ದನ್ನು ತರುತ್ತಾರೆ. ಕಟ್ಟಿಕೊಂಡವನು ಮತ್ತೆ ಲಗ್ನಕ್ಕೆ ಕರೆಯಲು ಹೊರಡಬೇಕು. ಕಿತ್ತೂರಿನ ಕೋಟೆಗೆ ಹುಡುಗರನ್ನು ಕರೆದುಕೊಂಡು ಹೋದಾಗ, ಕಟ್ಟಿದವರು ಯಾರು, ಕೆಡವಿದವರು ಯಾರು ಅಂತ ಎಲ್ಲರೂ ಕೇಳುತ್ತಾರೆ. ಪ್ರತಿ ವರ್ಷ ಮಳೆಗಿಂತ ಮುಂಚೆ ಮಾಳಿಗೆಗೆ ಮಣ್ಣು ಹಾಕುತ್ತಿದ್ದವರು ಯಾರು ಅಂತ ಇದುವರೆಗೆ ಒಬ್ಬನೂ ಕೇಳಿಲ್ಲ. ಹಳೆಯ ಕಾಲದವರಿಗೆ ಈ ಕಷ್ಟ ಗೊತ್ತಿತ್ತು. ಸವದತ್ತಿ ಸೀಮೆಯ ಶಾಸನಗಳನ್ನು ಓದಿದರೆ, ಗುಡಿಗೆ ಭೂಮಿ ಬಿಟ್ಟವರು ದೀಪಕ್ಕೆ, ನೈವೇದ್ಯಕ್ಕೆ ಅಂತ ಹೇಳಿ, ಅದರ ಜೊತೆಗೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಅಂತಲೂ ಕಲ್ಲಿನಲ್ಲಿ ಕೊರೆಸಿರುತ್ತಾರೆ. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಮಾಡಲಿಕ್ಕೆ ಅಂತ ಅರ್ಥ. ಗುಡಿ ಕಟ್ಟಿದ ದಿನವೇ ಬಿರುಕಿನ ಚಿಂತೆ ಮಾಡಿದ ಆ ಪುಣ್ಯಾತ್ಮರು ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಬ್ರೌಸರಿಗೂ ಒಂದು ತುಂಡು ಹೊಲ ಬಿಟ್ಟಿರುತ್ತಿದ್ದರು.

ಆ ವರ್ಷ ದಸರೆಯ ಮುಂದೆ ನನ್ನ ಈ ಚಟಕ್ಕೆ ನಿಜವಾದ ಪರೀಕ್ಷೆ ಬಂತು. ಅನ್ನಪೂರ್ಣಾ ತನ್ನ ತಂದೆಯ ಬಗ್ಗೆ ಬರೆದ ಒಂದು ಬರಹ ಇಂಟರ್‌ನೆಟ್ಟಿನ ಕನ್ನಡ ಪತ್ರಿಕೆಯೊಂದರಲ್ಲಿ ಬಂದಿತ್ತು. ಅವಳ ಮೊದಲ ಬರಹ. ಮಾವ ಮುರಗೋಡದವರು, ಬೈಲಹೊಂಗಲ ಮಾರ್ಕೆಟ್ಟಿನಲ್ಲಿ ಹತ್ತಿಯ ವ್ಯಾಪಾರಸ್ಥರು. ಮಗಳು ಸಣ್ಣವಳಿದ್ದಾಗಿನಿಂದ ಏನಾದರೂ ಗೀಚುತ್ತ ಕೂತರೆ, "ಬರದು ಏನ್ ಮಾಡ್ತಿ, ಎದ್ದು ಒಂದು ರೊಟ್ಟಿ ಬಡಿ" ಅನ್ನುತ್ತಿದ್ದವರು. ಅಂಥವರು ಬನ್ನಿ ಕೊಡಲು ದಸರೆಗೆ ನಮ್ಮ ಮನೆಗೆ ಬರುವವರಿದ್ದರು. ಅವರಿಗೆ ಇದನ್ನು ಓದಿಸಬೇಕು ಅನ್ನುವುದು ಅನ್ನಪೂರ್ಣಾಳ ಆಸೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕಂಪ್ಯೂಟರಿನ ಮೇಜಿಗೆ ಹೊಸ ಬಟ್ಟೆ ಹಾಸಿದ್ದಳು. ಆ ಪುಟವನ್ನು ನಾನು ಯಂತ್ರದಲ್ಲಿ ಇಳಿಸಿ ಇಟ್ಟೆ. ಇಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಹಬ್ಬದ ಹೊತ್ತಿಗೆ ಎಲ್ಲ ಹೊಸದಿರಲಿ ಅಂತ ಯಾವುದೋ ಲೈಬ್ರರಿಯೊಂದನ್ನು ಬದಲಿಸಿದೆ. ಬ್ರೌಸರು ಅವತ್ತಿನಿಂದ ಕಣ್ಣು ತೆರೆಯಲೊಲ್ಲದು!

"ಅಪ್ಪ ಬರೂದ್ರಾಗ ಆಗ್ತದಿಲ್ಲೊ?" ಅಂತ ಅವಳು ಒಂದೇ ಮಾತು ಕೇಳಿದಳು. ಬೈದಿದ್ದರೆ ಬೇಕಾಗಿತ್ತು.

ಮಹಾನವಮಿಯ ಬೆಳಿಗ್ಗೆ ಎದ್ದವನೇ ಬ್ರೌಸರನ್ನು ಹೊಸದಾಗಿ ಕಟ್ಟಲು ಹಚ್ಚಿದೆ. ಪರದೆಯ ಮೇಲೆ ಸಾಲುಗಳು ಸರಸರ ಓಡುತ್ತಿದ್ದವು, ಕರೆಂಟೂ ಇತ್ತು. ಸಂಜೆಗೆ ಮುಗಿಯುತ್ತದೆ ಅಂತ ನೆಮ್ಮದಿಯಿಂದ ಜಳಕಕ್ಕೆ ಹೋದೆ. ಬಂದು ನೋಡುತ್ತೇನೆ, ಯಂತ್ರ ತಣ್ಣಗೆ ಕೂತಿದೆ! ಪರದೆಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಮೇಲೆ ಚೆಂಡುಹೂವು. ಪಕ್ಕದಲ್ಲಿ ಕುಡಗೋಲು, ಈಳಿಗೆ, ಅನ್ನಪೂರ್ಣಾಳ ಹೊಲಿಗೆ ಮಷಿನ್ನು. ಎಲ್ಲದರ ಮುಂದೆ ಊದಿನಕಡ್ಡಿ ಹಿಡಿದು ನಮ್ಮವ್ವ.

"ಯವ್ವಾ, ಇದನ್ನ ಯಾಕ ಬಂದ್ ಮಾಡಿದಿ?"

"ಖಂಡೆಪೂಜಿ ಅಲ್ಲೇನೊ ತಮ್ಮಾ? ದುಡಿಯೂ ಸಾಮಾನಿಗೆಲ್ಲಾ ಇವತ್ತು ಪೂಜಿ, ಸೂಟಿ. ಗುರ್ ಗುರ್ ಅಂತ ದುಡ್ಯಾಕ ಹತ್ತಿತ್ತು. ಹೆಗಲ ಮ್ಯಾಲೆ ನೊಗ ಇಟ್ಟು ಎತ್ತಿನ ಪೂಜಿ ಮಾಡ್ತಾರೇನು?"

"ನಾಳಿ ಮಾವಾರು ಬರ್ತಾರ, ಕೆಲಸ ಅರ್ಧಕ್ಕ ನಿಂತತಲ್ಲವ್ವಾ!"

"ಬರ್ಲಿ. ಇವತ್ತೊಂದು ದಿನ ಅದಕ್ಕ ಉಸಿರು ಬಿಡಾಕ ಬಿಡು. ನಾಳಿ ಹಚ್ಚೀಯಂತ."

ನೆಲದ ಮೇಲೆ ಕುಂತು ತರಕಾರಿ ಹೆಚ್ಚುವ ಈಳಿಗೆಗೇ ರಜೆ ಕೊಟ್ಟ ಹೆಣ್ಣುಮಗಳು. ಅವತ್ತಿನ ಪಲ್ಯದ ಕಾಯಿಪಲ್ಯೆಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದಳು. ಅವಳೊಂದಿಗೆ ನಾನೇನು ವಾದ ಮಾಡಲಿ? ಅವಳ ಕಣ್ಣು ತಪ್ಪಿಸಿ ಗುಂಡಿ ಒತ್ತುವ ಯೋಚನೆ ಬಂದದ್ದು ನಿಜ. ಆದರೆ ಇನ್ನೊಂದು ಚೆಂಡುಹೂವು ಯಂತ್ರದ ಗುಂಡಿಯ ಮೇಲೆಯೇ ಇತ್ತು. ಅದನ್ನು ಸರಿಸಲು ಇತಿಹಾಸದ ಮಾಸ್ತರನಿಗೂ ಧೈರ್ಯ ಸಾಲಲಿಲ್ಲ. ಇಡೀ ದಿನ ಹೋಳಿಗೆ ತಿಂದು, ತಿಂದದ್ದು ಮೈಗೆ ಹತ್ತದೆ, ಯಂತ್ರದ ಸುತ್ತ ಸುಳಿದಾಡಿದೆ.

ಮರುದಿನ ಬೆಳಿಗ್ಗೆ ಅವ್ವನ ಅಪ್ಪಣೆ ಸಿಕ್ಕಿತು. ಮತ್ತೆ ಮೊದಲಿನಿಂದ ಅರೆಯಬೇಕಲ್ಲಪ್ಪಾ ಅಂತ ಅಂಜುತ್ತಲೇ ಹಚ್ಚಿದೆ. ಆಹಾ, ಆ ಯಂತ್ರದ ದೊಡ್ಡ ಗುಣ ಅವತ್ತು ನೋಡಿದೆ. ನಿನ್ನೆ ಮುಗಿಸಿದ್ದನ್ನು ಅದು ಮುಟ್ಟಲೇ ಇಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಹೊರಟಿತು. ಉಂಡೆದ್ದು ಬಂದ ಎತ್ತು ಹಳೇ ಸಾಲು ಹಿಡಿದ ಹಾಗೆ. ಅವ್ವ ಒಮ್ಮೆ ಇಣುಕಿ, "ನೋಡು, ದಣಿವಾರಿಸಿಕೊಂಡು ಹೆಂಗ ಓಡಾಕ ಹತ್ತೇತಿ" ಅಂದಳು.

ಮುರಗೋಡದ ಬಸ್ಸಿನಲ್ಲಿ ಮಾವ ಬಂದು ಕಾಲು ತೊಳೆಯುವ ಹೊತ್ತಿಗೆ ಬ್ರೌಸರು ಎದ್ದು ಕೂತಿತು. ಪುಟ ತೆರೆದೆ. ಅನ್ನಪೂರ್ಣಾ ಅನ್ನುವ ಹೆಸರು ಒತ್ತು, ಅರ್ಕಾವತ್ತಿನ ಸಮೇತ ಅಖಂಡವಾಗಿ ನಿಂತಿತ್ತು. ನನ್ನ ಕಣ್ಣೇ ಒದ್ದೆಯಾಯಿತು. ಬನ್ನಿ ಕೊಟ್ಟು ತಗೊಂಡು, ಚಹಾ ಕುಡಿದು ಮಾವ ಕುರ್ಚಿಯಲ್ಲಿ ಕೂತರು. ಪರದೆಗೆ ಬೆರಳು ಹಚ್ಚಿ ಸಣ್ಣ ದನಿಯಲ್ಲಿ ಓದತೊಡಗಿದರು. ಅವರದೇ ಕತೆ: ಮಾರ್ಕೆಟ್ಟಿನಲ್ಲಿ ಹತ್ತಿ ತುಂಬಿದ ಅಂಡಿಗೆಯಿಂದ ಒಂದು ಚೂರು ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ, ಇದು ಜಯಧರ ಹತ್ತಿ, ಇದು ಬೆರಕೆ ಅಂತ ಹೇಳುವುದು, ಮನೆಗೆ ಬಂದರೂ ಆ ರೂಢಿ ಬಿಡದೆ ಮಕ್ಕಳ ಅಂಗಿ, ಲಂಗ ಎಲ್ಲದರ ಎಳೆ ಹಿಡಿದು ನೋಡುವುದು. ಮಾವನ ಮೀಸೆ ಒಮ್ಮೆ ಅಲುಗಿತು. ಇನ್ನೇನು ಕೊನೆಯ ಭಾಗ ಅನ್ನುವಾಗ ಕರೆಂಟು ಹೋಯಿತು. ಬ್ಯಾಟರಿಯ ಡಬ್ಬಿ ಕುಂಯ್ ಅಂದು ಮಲಗಿತು.

ನಾನು ತಲೆ ಮೇಲೆ ಕೈ ಹೊತ್ತೆ. ಮಾವ ಕಪ್ಪಾದ ಪರದೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಆಗ ಬಾಗಿಲ ಹತ್ತಿರ ನಿಂತಿದ್ದ ಅನ್ನಪೂರ್ಣಾ, ಯಾರ ಮುಖವನ್ನೂ ನೋಡದೆ, ಮುಂದಿನದನ್ನು ಬಾಯಿಂದಲೇ ಹೇಳಿದಳು: "ನನ್ನ ಮದುವೆಯ ದಿನ ಅಪ್ಪ ಬಂದು ನನ್ನ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದ. ಎಳೆಯನ್ನು ಬಹಳ ಹೊತ್ತು ನೋಡಿದ. ಇದು ಯಾವ ಜಾತಿಯ ನೂಲು ಅಂತ ಅವತ್ತೊಂದು ದಿನ ಅವನು ಹೇಳಲಿಲ್ಲ."

ಮಾವ ಚಾಳೀಸು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಬಹಳ ಒರೆಸಿದರು.

"ಮುಂದ?"

"ಮುಂದ ಏನಿಲ್ಲಪ್ಪಾ. ಅಷ್ಟಕ್ಕ ಮುಗೀತು."

"ಹೆಂಗ ಮುಗೀತದ ಅನ್ನವ್ವಾ? ಆ ಸೀರಿ ಆರಿಸಿದಾಕಿ ನಿಮ್ಮವ್ವ. ಆಕಿ ಮಾತು ಒಂದೂ ಬಂದಿಲ್ಲ. ಅದನ್ನೂ ಬರಿ. ದೀಪಾವಳಿಗೆ ಬರತೇನಿ, ಓದತೇನಿ."

ಅನ್ನಪೂರ್ಣಾ ಹೂಂ ಅಂದಳು. ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾವ ಹೊರಟ ಮೇಲೆ, ಸಂಜೆ ಕರೆಂಟು ಬಂತು. ಫೋನಿನ ತಂತಿ ಹಚ್ಚಿ ಇಂಟರ್‌ನೆಟ್ಟಿನಲ್ಲಿ ನೋಡಿದರೆ, ಬ್ರೌಸರಿನ ಹೊಸ ಆವೃತ್ತಿ ಬಂದ ಸುದ್ದಿ. ಕೈ ತುರಿಸಿತು. ಅಡಿಗೆಮನೆಯಲ್ಲಿ ಅನ್ನಪೂರ್ಣಾ ಅವ್ವನನ್ನು ಕೇಳುತ್ತಿದ್ದಳು, "ಅತ್ತಿ, ನನ್ನ ಲಗ್ನದ ಸೀರಿ ಆರಿಸೂ ಮುಂದ ನಮ್ಮವ್ವ ಏನಂದಿದ್ಲು, ನಿಮಗ ನೆನಪೈತೇನ್ರಿ?" ನಾನು ಎದ್ದು ದೇವರ ಜಗಲಿಯಿಂದ ವಿಭೂತಿ ತಂದೆ. ಪರದೆಯ ಮೇಲೆ ಮಾವನ ಬೆರಳು ತಾಗಿ ಅಳಿಸಿಹೋಗಿದ್ದ ಮೂರು ಗೆರೆಗಳನ್ನು ಮತ್ತೆ ಎಳೆದು, ಯಂತ್ರವನ್ನು ಬಂದ್ ಮಾಡಿದೆ. ದೀಪಾವಳಿ ಮುಗಿಯುವ ತನಕ ನನ್ನ ಕೈಗೂ ಖಂಡೆಪೂಜೆ.