ಹಸಿರು ಚುಕ್ಕಿಯ ಪುಡಿ

ಅವರ ಎಡಗೈ ಸೋಲುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗಲ್ಲ, ಅತ್ತೆಗೆ.

ನನ್ನ ಯಜಮಾನರು ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಬಸ್ಸಿನಲ್ಲಿ ಹೋಗಿ ಬಂದ ಮೇಲೂ ಸಂಜೆ ಜಿಮ್ಮಿಗೆ ಹೋಗುವುದನ್ನು ತಪ್ಪಿಸುತ್ತಿರಲಿಲ್ಲ. ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ, ಭಾರ ಎತ್ತಿ ಬಂದರೆ ತೋಳಿನ ಆಯಾಸ ಮರುದಿನವೂ ಇಳಿಯದಂತಾಯಿತು. ಜಿಮ್ಮಿನ ಕೋಚ್ ಒಂದು ಕ್ಯಾಪ್ಸೂಲ್ ಕೊಟ್ಟ. ಒಳಗಿರುವುದು ಅರಿಶಿನ ಮತ್ತು ನೆಲ್ಲಿಕಾಯಿಯ ಸತ್ವ, ಆಂಟಿಆಕ್ಸಿಡೆಂಟ್, ಕಸರತ್ತಿನಿಂದ ದಣಿದ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ ಅಂದನಂತೆ. ಅರಿಶಿನ, ನೆಲ್ಲಿಕಾಯಿ ನಮಗೆ ಹೊಸದೇನಲ್ಲ. ನಾನೂ ಏನೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಕಾಫಿ ಕುಡಿಯುವುದಿಲ್ಲ. ಒಂದು ಬೆಳಿಗ್ಗೆ ಅವರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಾಗ ಕೈ ನಡುಗಿತು. ಲಿಂಗ ಜಾರಿ ಮಡಿಲಿಗೆ ಬಿತ್ತು. ಎದುರಿಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದ ಅತ್ತೆ ನೋಡಿಬಿಟ್ಟರು.

"ಏನ್ಲಾ, ಕೈಯಾಗೆ ಲಿಂಗ ನಿಲ್ತಿಲ್ಲ? ಏನ್ ತಿಂತಿದೀಯ ನೀನು?"

"ಗಿಡಮೂಲಿಕೆ ಕಣವ್ವ. ಅರಿಶಿನ, ನೆಲ್ಲಿಕಾಯಿ."

"ಒಳಗಿಂದು ಸರಿ. ಮೇಲಿನ ಸಿಪ್ಪೆ ಯಾತರದು?"

ಅದು ಅವರಿಗೆ ತಿಳಿದಿರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ, ಜೆಲಟಿನ್, ದನದ ಮೂಳೆ ಚರ್ಮದಿಂದ ಮಾಡುತ್ತಾರೆ ಅಂದರು. ಅತ್ತೆ ಆ ದಿನ ಊಟ ಮಾಡಲಿಲ್ಲ. ಮೂಳೆ ತಿಂದ ಮೈಯಲ್ಲಿ ಲಿಂಗ ಹೇಗೆ ನಿಂತೀತು ಎಂಬುದು ಅವರ ಮಾತು. ಕಾಯಿಲೆಯ ಯೋಚನೆ ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಸಿ.ಎಸ್. ಪುರದ ಕಡೆ ನಮ್ಮ ಮನೆತನದವರು ನಡೆದುಕೊಳ್ಳುವ ಮಠಕ್ಕೆ ಹೋದೆವು. ತಿಳಿಯದೆ ಆದದ್ದು, ಚಿಂತೆ ಬೇಡ ಎಂದು ಸ್ವಾಮಿಗಳು ಪಾದೋದಕ ಕೊಟ್ಟು, ಲಿಂಗವನ್ನು ತಾವೇ ಮತ್ತೆ ಕಟ್ಟಿದರು. ಬರುವಾಗ ಬಸ್ಸಿನಲ್ಲಿ ಅತ್ತೆಯ ಮುಖ ಗೆಲುವಾಗಿತ್ತು.

ಆಮೇಲೆ ಕ್ಯಾಪ್ಸೂಲಿನ ಬದಲು ಪುಡಿ ಬಂತು. ಅದೇ ಅರಿಶಿನ, ನೆಲ್ಲಿಕಾಯಿ, ಜೊತೆಗೆ ದಾಳಿಂಬೆ ಸಿಪ್ಪೆ. ಡಬ್ಬದ ಮೇಲೆ ಸಸ್ಯಾಹಾರದ ಹಸಿರು ಚುಕ್ಕಿ ಇರುವುದನ್ನು ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ಒಪ್ಪಿದರು. ಮೈ ಶುದ್ಧವಾದ ಹಾಗೆ ಬಲ ಬರುತ್ತದೆ ಎಂದು ಅತ್ತೆ ಕಾದರು. ಪುಡಿ ಕೆಲಸ ಮಾಡುತ್ತದೆ ಎಂದು ಇವರು ಕಾದರು. ಕೈ ಸಣ್ಣಗಾಗುತ್ತಿದೆ ಎಂದು ಇನ್ನೂ ಹೆಚ್ಚು ಭಾರ ಎತ್ತಿದರು. ಮಳೆಗಾಲ ಕಳೆಯಿತು, ಶಿವರಾತ್ರಿ ಬಂತು. ಅಷ್ಟರಲ್ಲಿ ಅಂಗಿಯ ಗುಂಡಿ ನಾನೇ ಹಾಕಬೇಕಾಗಿತ್ತು. ಸ್ಕೂಲಿನಲ್ಲಿ ಮಕ್ಕಳ ಮುಂದೆ ಸೀಟಿ ಕೈಜಾರಿ ಬಿದ್ದ ದಿನ ಮನೆಗೆ ಬಂದವರೇ ಮಲಗಿಬಿಟ್ಟರು. ಮಾರನೆಯ ದಿನ ನಾನೇ ಹಟ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ತುಮಕೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಮೆಲ್ಲಗೆ ಹೇಳಿದರು. ಇದು ಸ್ನಾಯುವಿನ ಆಯಾಸವಲ್ಲ, ಸ್ನಾಯುವನ್ನು ನಡೆಸುವ ನರಗಳೇ ಸಾಯುತ್ತಿವೆ, ಇನ್ನೊಂದು ಕೈಗೂ ಕಾಲಿಗೂ ನಾಲಿಗೆಗೂ ಬರುತ್ತದೆ, ವಾಸಿ ಮಾಡುವ ಔಷಧಿ ಇಲ್ಲ. ಪುಡಿಯ ಡಬ್ಬ ತೋರಿಸಿದೆ. ಅದು ಕಸರತ್ತು ಮಾಡಿ ದಣಿದವರಿಗೆ, ಅವರಿಗೇ ಎಷ್ಟು ಉಪಯೋಗವೋ ಹೇಳುವುದು ಕಷ್ಟ, ಇವರಿಗೆ ಏನೂ ಇಲ್ಲ ಅಂದರು. ಮೊದಲೇ ಬಂದಿದ್ದರೆ ಅಂತ ಕೇಳಿದೆ. ಬಂದಿದ್ದರೂ ಇಷ್ಟೇ ಅಂದರು. ಈ ಮಾತಿನಿಂದ ಸಮಾಧಾನವಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಕೊನೆಗೆ ಯಾರನ್ನಾದರೂ ಬೈಯಲೂ ದಾರಿಯಿಲ್ಲದ ಹಾಗೆ ಮಾಡಿತು, ಅಷ್ಟೆ.

ಅವರು ಹಾಸಿಗೆ ಹಿಡಿದ ಮೇಲೂ ನಾನು ಪುಡಿ ಕಲಸುತ್ತಿದ್ದೆ. ನಿಲ್ಲಿಸಿದರೆ ಅತ್ತೆಗೆ ಕಾರಣ ಹೇಳಬೇಕಿತ್ತು. ಡಾಕ್ಟರ ಮಾತನ್ನು ಅವರಿಗೆ ಅರ್ಧ ಮಾತ್ರ ಹೇಳಿದ್ದೆವು. ಲಿಂಗಪೂಜೆಗೆ ಈಗ ಅತ್ತೆಯೇ ಮಗನ ಅಂಗೈ ಕೆಳಗೆ ತಮ್ಮ ಅಂಗೈ ಇಟ್ಟು ಹಿಡಿಯುತ್ತಿದ್ದರು. ಅದಾದ ಮೇಲೆ ಚಮಚದಲ್ಲಿ ಪುಡಿ.

ಒಂದು ಬೆಳಿಗ್ಗೆ ಯಜಮಾನರು ಮುಖ ಆಚೆಗೆ ತಿರುಗಿಸಿದರು. ನಾಲಿಗೆ ಆಗಲೇ ತೊದಲುತ್ತಿತ್ತು.

"ಇದನ್ನ ಕಸರತ್ತು ಮಾಡಿದ್ಮೇಲೆ ಕುಡೀಬೇಕು ಕಣೇ. ನಾನೀಗ ಏನ್ ಮಾಡಿದೀನಿ?"

ಅತ್ತೆ ನನ್ನ ಕೈಯಿಂದ ಲೋಟ ತೆಗೆದುಕೊಂಡರು.

"ಉಸಿರಾಡ್ತಿದೀಯಲ್ಲ ಮಗ. ಅದಕ್ಕಿಂತ ಕಸರತ್ತು ಇನ್ನೇನೈತೆ? ಕುಡಿ."

ಅವ್ವನ ಮುಖ ನೋಡಿ ಬಾಯಿ ತೆರೆದರು. ನುಂಗಲು ನೋಡಿದರು, ಗಂಟಲು ಏಳಲಿಲ್ಲ. ಹಳದಿ ನೀರು ತುಟಿಯ ಅಂಚಿನಿಂದ ಕತ್ತಿಗೆ ಇಳಿಯಿತು. ನಾನು ಸೆರಗಿನಿಂದ ಒರೆಸಿದೆ. ಅತ್ತೆ ಇನ್ನೊಂದು ಚಮಚ ತುಂಬಿಕೊಂಡರು.